ಕಂಪೌಂಡರರ ಹುಲ್ಲಂಗಳ

ಅವರ ಎಡಮೊಣಕಾಲು ಮಡಚುತ್ತಿರಲಿಲ್ಲ. ನೆಲದ ಮೇಲೆ ಕೂರಬೇಕಾದಾಗ ಮೊದಲು ಬಲಗೈಯನ್ನು ನೆಲಕ್ಕೆ ಊರುತ್ತಿದ್ದರು. ಆಮೇಲೆ ಎಡಗಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ಇಡೀ ಮೈಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾ ಇಳಿಯುತ್ತಿದ್ದರು, ಗೋಡೆಗೆ ಒರಗಿಸಿದ ಏಣಿ ಮೆಲ್ಲಗೆ ಜಾರಿದ ಹಾಗೆ. ಕೂತಾದ ಮೇಲೆ ಕಣ್ಣು ಮುಚ್ಚಿ ಹಲ್ಲು ಕಚ್ಚಿ, ನೋವು ಹೋಗುವ ತನಕ ಕಾಯುತ್ತಿದ್ದರು. ಕಣ್ಣು ತೆರೆದವರು ಏನೂ ಆಗಿಲ್ಲವೆಂಬಂತೆ ಎದುರಿಗೆ ಕೂತವರಿಗೆ, "ಎಲ್ಲಿ, ತೋರ್ಸು" ಎನ್ನುತ್ತಿದ್ದರು.

ಊರಿನವರಿಗೆಲ್ಲ ಅವರು ಕಂಪೌಂಡರ್. ನನಗೂ ಅಷ್ಟೇ. ಮಿಲಿಟರಿ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟು ಹಾಕುವ ಕೆಲಸ ಮಾಡಿ, ಪಿಂಚಣಿ ಪಡೆದು ಗಡಿಯಾಚೆಯ ತೃಶ್ಶಿಲೇರಿಗೆ ಬಂದು, ರಸ್ತೆಯ ಆಚೆ ನಮ್ಮ ಮನೆಗೆ ಎದುರಾಗಿದ್ದ ಮನೆಯನ್ನು ಕೊಂಡಿದ್ದರು. ಹೆಗ್ಗಡದೇವನಕೋಟೆಯ ಕಡೆಯವರು. ನಾನು ಸರಗೂರಿನಿಂದ ಮದುವೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ ಅಂಗಡಿ, ಬಸ್ಸು, ಆಫೀಸು ಎಲ್ಲ ಕಡೆಯೂ ಮಲೆಯಾಳವೇ ಕೇಳಿಸುತ್ತಿತ್ತು. ಬೇಲಿಯಾಚೆಯಿಂದ ಅವರು ಕನ್ನಡದಲ್ಲಿ, "ಊಟ ಆಯ್ತಾ ಮಗಳೆ" ಎಂದು ಕೇಳಿದರೆ ಆ ದಿನ ಸ್ವಲ್ಪ ಹಗುರವಾಗುತ್ತಿತ್ತು. ಡಾಕ್ಟರು ಬೇಕೆಂದರೆ ಮಾನಂದವಾಡಿಗೆ ಬಸ್ಸು ಹತ್ತಬೇಕು. ಗಾಯ, ಹುಣ್ಣು, ಜ್ವರ, ಕಣ್ಣು ಬೇನೆ ಇಷ್ಟಕ್ಕೆ ಕಂಪೌಂಡರ್ ಇದ್ದರು. ಇದಕ್ಕೆ ಮೀರಿದ್ದಕ್ಕೆ ಅವರು ಕೈ ಹಾಕುತ್ತಿರಲಿಲ್ಲ.

ಅವರ ಮನೆಯ ಮುಂದೆ ಹುಲ್ಲಿತ್ತು. ಹೊರಗಿನವರಿಗೆ ಇದು ದೊಡ್ಡ ವಿಷಯವಲ್ಲ. ನಮ್ಮ ಕಡೆ ಅಂಗಳವೆಂದರೆ ಗಟ್ಟಿ ನೆಲ. ಕೊಯ್ಲಿಗೆ ಮೊದಲು ಮಣ್ಣು ನೆನೆಸಿ, ಹಲಗೆಯಿಂದ ಬಡಿದು, ಸಗಣಿ ಸಾರಿಸಿ, ಭತ್ತದ ಒಂದು ಕಾಳೂ ಮಣ್ಣಿಗೆ ಸೇರದ ಹಾಗೆ ಮಾಡುತ್ತೇವೆ. ಅಂಗಳದಲ್ಲಿ ಹುಲ್ಲು ಎದ್ದರೆ ಆ ಮನೆ ಹಾಳು ಬಿದ್ದಿದೆ ಎಂದರ್ಥ. ಈ ಮನುಷ್ಯ ಗದ್ದೆಯ ಬದುವಿನಿಂದ ಗರಿಕೆ ಕಿತ್ತು ತಂದು, ಬುಡ ಬುಡವಾಗಿ ನೆಟ್ಟು, ಕತ್ತರಿಸಿ ಕತ್ತರಿಸಿ ಚಾಪೆಯ ಹಾಗೆ ಮಾಡಿಟ್ಟಿದ್ದರು. ನಮ್ಮ ಅತ್ತೆ ಜಗಲಿಯಲ್ಲಿ ಕೂತು ಅದನ್ನು ನೋಡಿದಾಗಲೆಲ್ಲ, "ಹೆಂಡ್ತಿ ಇಲ್ಲದ ಮನೆ ಅಂತ ಬೋರ್ಡು ಬೇರೆ ಹಾಕ್ಕೊಂಡವ್ರೆ" ಎನ್ನುತ್ತಿದ್ದರು.

ನಾನೊಮ್ಮೆ ಕಾರಣ ಕೇಳಿದೆ. ಹಾಡಿಯ ಜನ, ಅಂದರೆ ಕಾಡಂಚಿನಲ್ಲಿದ್ದು ನಮ್ಮಂಥವರ ಗದ್ದೆಗಳಲ್ಲಿ ಕೂಲಿ ಮಾಡುವವರು, ಯಾರ ಜಗಲಿಯನ್ನೂ ಹತ್ತುತ್ತಿರಲಿಲ್ಲ. ಅಂಗಳದಲ್ಲೇ ಕೂರಬೇಕು, ಅದು ಹಿಂದಿನಿಂದ ಬಂದ ಪದ್ಧತಿ. ಕಂಪೌಂಡರ್ ಮೊದಲು ಜಗಲಿಯ ಮೇಲೆ ಬೆಂಚು ಹಾಕಿ ನೋಡಿದ್ದರಂತೆ. "ಹತ್ತು ಅಂತ ಒತ್ತಾಯ ಮಾಡಿದ್ರೆ ಮಾರನೇ ದಿನ ಬರೋದೇ ಇಲ್ಲ. ಅದಕ್ಕೆ ನಾನೇ ಜಗಲೀನ ಕೆಳಗೆ ಇಳಿಸ್ದೆ" ಎಂದರು.

ಅಲ್ಲಿಗೆ ತಪ್ಪದೆ ಬರುತ್ತಿದ್ದವಳು ಕೆಂಚಿ. ವಯಸ್ಸಾದವಳು, ನಮ್ಮ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳು. ಅವಳ ಬಲಗಾಲಿನ ಹರಡಿನ ಮೇಲೆ ಒಂದು ಹುಣ್ಣು ವಾಸಿಯಾಗದೆ ನಿಂತಿತ್ತು. ದಿನ ಬಿಟ್ಟು ದಿನ ಬಂದು ಹುಲ್ಲಿನ ಮೇಲೆ ಕಾಲು ಚಾಚುತ್ತಿದ್ದಳು. ಎದುರಿಗೆ ಕಂಪೌಂಡರ್ ತಮ್ಮ ಕಾಲು ಚಾಚುತ್ತಿದ್ದರು. ಅವಳು ಅವರನ್ನು ಜಮೀನುದಾರರನ್ನು ಕರೆದಂತೆ "ತಂಬ್ರಾ" ಎನ್ನುತ್ತಿದ್ದಳು.

"ತಂಬ್ರಾ ಅನ್ಬೇಡ ಅಂತ ಎಷ್ಟು ಸಲ ಹೇಳೋದು? ನನ್ನ ಹತ್ರ ಇರೋ ಜಮೀನು ಈ ಹುಲ್ಲು ಒಂದೇ."

"ಅದನ್ನ ಮೇಯೋಕೂ ಒಂದು ದನ ಇಲ್ಲ ನಿಮಗೆ" ಎನ್ನುತ್ತಿದ್ದಳು ಕೆಂಚಿ.

ಹುಣ್ಣಿನ ವಿಷಯದಲ್ಲಿ ಅವರು ತಮಾಷೆ ಮಾಡುತ್ತಿರಲಿಲ್ಲ. ತೊಳೆಯುವುದು ತಪ್ಪಿದರೆ, ಅದರ ಮೇಲೆ ಮಳೆಗಾಲ ಬಂದು ಗದ್ದೆಯ ಕೆಸರು ಸೇರಿದರೆ, ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ನನ್ನೆದುರಿಗೇ ಅವಳಿಗೆ ಹೇಳಿದ್ದರು. ಕಾಲಿಲ್ಲದವಳಿಗೆ ನಾಟಿ ಇಲ್ಲ, ನಾಟಿ ಇಲ್ಲದವಳಿಗೆ ಕೂಲಿಯ ಭತ್ತವಿಲ್ಲ. ಇದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುವಾಗ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳಬೇಕು. ಕೇಳಿದ್ದು ಇದು: ಕೂಲಿ ಹೆಚ್ಚಬೇಕು, ಉಳುವವನಿಗೆ ನೆಲ ಬೇಕು ಎಂಬ ಮಾತು ಹಾಡಿಗಳಲ್ಲಿ ಎದ್ದಿದೆ, ತಿರುನೆಲ್ಲಿಯ ಕಾಡಿನಲ್ಲಿ ಬಂದೂಕು ಹಿಡಿದವರು ಸೇರಿದ್ದಾರೆ, ಜಮೀನುದಾರರ ಮನೆಗಳಿಗೆ ನುಗ್ಗಿದ್ದಾರೆ. ನಕ್ಸಲೈಟ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಆಗ. ಅತ್ತೆ ಆ ಶಬ್ದವನ್ನು ಬಾಯಲ್ಲಿ ತರುತ್ತಿರಲಿಲ್ಲ, "ಅವ್ರು" ಎನ್ನುತ್ತಿದ್ದರು. ನಮ್ಮ ಮನೆಯ ಗಂಡಸರು ಬೆಳಕಿರುವಾಗಲೇ ಗದ್ದೆಯಿಂದ ಬಂದು ಬಾಗಿಲು ಹಾಕುತ್ತಿದ್ದರು.

ಕಂಡದ್ದು ಇದು. ಪೊಲೀಸರು ಬಂದರು. ರಸ್ತೆಯ ಪಕ್ಕ ಮಟ್ಟಸವಾದ ಜಾಗ, ಹತ್ತಿರದಲ್ಲೇ ಬಾವಿ, ಹೀಗಾಗಿ ಕಂಪೌಂಡರರ ಹುಲ್ಲಿನ ಮೇಲೆ ಡೇರೆ ಹಾಕಿದರು. ಅವರನ್ನು ಕೇಳಲಿಲ್ಲ. ಜೀಪುಗಳು ಅಲ್ಲೇ ತಿರುಗಿದವು, ಅಲ್ಲೇ ನಿಂತವು. ಬೆಳಿಗ್ಗೆ ಬೂಟುಗಾಲಿನ ಕವಾಯತು ಅಲ್ಲೇ ನಡೆಯಿತು. ಹಾಡಿಗಳಿಂದ ಗಂಡಸರನ್ನು ಕರೆತಂದು, ಕೈಗಳನ್ನು ತಲೆಯ ಮೇಲೆ ಇಡಿಸಿ, ಆ ನೆಲದ ಮೇಲೆ ಬಿಸಿಲಿನಲ್ಲಿ ಮಂಡಿ ಊರಿಸಿದರು. ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಂಡದ್ದು ಅಷ್ಟು. ಡೇರೆಯ ಹಿಂದೆ ಏನಾಯಿತೆಂದು ಕಾಣಲಿಲ್ಲ. ಸದ್ದು ಮಾತ್ರ ಕೇಳಿಸಿತು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತಿದ್ದೆ. ಜೀಪು ಬಂದು ನಿಂತರೆ ಒಂದು ಭಯ, ಹೊರಟರೆ ಎಲ್ಲಿಗೆ ಹೊರಟಿತೆಂಬ ಭಯ. ಎದುರು ಮನೆಯಲ್ಲಿ ಕಂಪೌಂಡರ್ ಜಗಲಿಯ ಉದ್ದಕ್ಕೆ ಒಂದು ಕಾಲು ಎಳೆಯುತ್ತಾ ನಡೆದು ತಿರುಗುವುದು, ನಡೆದು ತಿರುಗುವುದು ಕಾಣುತ್ತಿತ್ತು. ನಡೆದು ಸಾಕಾದರೆ ಬ್ಯಾಂಡೇಜಿನ ಬಟ್ಟೆಯನ್ನು ಬಿಚ್ಚಿ ಸುತ್ತುತ್ತಿದ್ದರು. ಸುತ್ತಿದ್ದನ್ನು ಮತ್ತೆ ಬಿಚ್ಚುತ್ತಿದ್ದರು. ಅವರು ಹಾಡಿಗೆ ಹೋಗಕೂಡದೆಂದು ಇನ್‌ಸ್ಪೆಕ್ಟರ್ ಅಪ್ಪಣೆ ಮಾಡಿದ್ದರು. ಹಾಡಿಗೆ ಹೋದ ಔಷಧಿ ಅಲ್ಲಿಂದ ಕಾಡಿಗೆ ಹೋಗುತ್ತದೆ ಎಂಬುದು ಅವರ ಲೆಕ್ಕ.

ಬೇಸಿಗೆ ಮುಗಿಯುತ್ತಾ ಬಂದಾಗ ಡೇರೆಗಳನ್ನು ಕಿತ್ತು ಶಾಲೆಯ ಕಟ್ಟಡಕ್ಕೆ ಸಾಗಿಸಿದರು. ಅಂಗಳ ಖಾಲಿಯಾಯಿತು. ಆದರೆ ಯಾರೂ ಬರಲಿಲ್ಲ. ಹಾಡಿಯ ಜನ ಆ ಮನೆಯ ಮುಂದೆ ಹಾಯುವುದನ್ನೂ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿಕೊಂಡು ಹೋಗತೊಡಗಿದರು.

ಕೆಂಚಿಯ ಮಗ ಬೊಳ್ಳ ನಮ್ಮ ಕೊಟ್ಟಿಗೆಯ ಕೆಲಸಕ್ಕೆ ಬಂದಿದ್ದ ದಿನ ಕಂಪೌಂಡರ್ ರಸ್ತೆ ದಾಟಿ ಬಂದರು. ತಾಯಿಯ ಕಾಲು ಹೇಗಿದೆ ಎಂದು ಕೇಳಿದರು. ವಾಸನೆ ಬರುತ್ತಿದೆ, ಎಲೆ ಕಟ್ಟಿಕೊಂಡು ಕೂತಿದ್ದಾಳೆ ಎಂದು ಬೊಳ್ಳ ಹೇಳಿದ. ಹಾಡಿಗೆ ಬರಲು ನನಗೆ ಇನ್ನೂ ಅಪ್ಪಣೆಯಿಲ್ಲ, ನೀನೇ ಕರೆದುಕೊಂಡು ಬಾ ಎಂದರು. ಬೊಳ್ಳ ಸಗಣಿ ಬಾಚುತ್ತಲೇ ಇದ್ದ. ತಲೆ ಎತ್ತದೆ ಹೇಳಿದ:

"ಆ ನೆಲಕ್ಕೆ ಬರಲ್ಲ ಅಂತಾಳೆ. ನನ್ನ ಅಲ್ಲಿ ಮಂಡಿ ಊರ್ಸಿದ್ದಾಗ ಅವಳು ಬೇಲಿ ಹತ್ರ ನಿಂತಿದ್ಳು."

ಕಂಪೌಂಡರ್ ಹಿಂತಿರುಗಿದರು. ತಮ್ಮ ಅಂಗಳದ ನಡುವೆ ನಿಂತು ಊರುಗೋಲಿನಿಂದ ನೆಲವನ್ನು ಕುಟ್ಟಿದರು. ಸಿಮೆಂಟಿಗೆ ಕುಟ್ಟಿದಂಥ ಸದ್ದು ನಮ್ಮ ಜಗಲಿಗೆ ಕೇಳಿಸಿತು.

ಮೊದಲ ಮಳೆ ಬಿದ್ದ ಮಾರನೆಯ ದಿನ ನನ್ನನ್ನು ಕರೆದು ತೋರಿಸಿದರು. ನಮ್ಮ ಹಿತ್ತಿಲ ನೀರೆಲ್ಲ ಇಂಗಿತ್ತು. ಅವರ ಅಂಗಳದಲ್ಲಿ ತಟ್ಟೆಯಲ್ಲಿಟ್ಟ ಹಾಗೆ ನೀರು ನಿಂತಿತ್ತು. ಅಲ್ಲಲ್ಲಿ ಹಳದಿ ಹುಲ್ಲು, ಉಳಿದದ್ದು ಬೋಳು. "ಮಣ್ಣು ಸತ್ತಿಲ್ಲ ಮಗಳೆ, ಉಸಿರು ಕಟ್ಟಿದೆ. ಒಳಗೆ ಗಾಳಿ ಹೋಗಲ್ಲ, ನೀರು ಹೋಗಲ್ಲ. ಬೇರು ಇನ್ನೂ ಇದೆ" ಎಂದರು.

ಒಂದು ಜೊತೆ ಎತ್ತು ಕಟ್ಟಿ ಉತ್ತರೆ ಒಂದು ಬೆಳಿಗ್ಗೆಯ ಕೆಲಸವಲ್ಲವೇ ಎಂದು ನಾನು ಕೇಳಿದೆ. ಉತ್ತರೆ ಇರುವ ಬೇರೂ ಮೇಲೆ ಬೀಳುತ್ತದೆ, ಮಳೆ ಹಿಡಿದರೆ ಅಂಗಳವೆಲ್ಲ ಕೆಸರು, ಹುಣ್ಣಿನ ಕಾಲಿನವರಿಗೆ ಕೆಸರಿನಲ್ಲಿ ಕೂರಲಾಗದು ಎಂದು ವಿವರಿಸಿದರು. ತೂತು ಮಾಡಿ ಬಿಟ್ಟರೆ ಬೇರು ತಾನೇ ದಾರಿ ಹುಡುಕಿಕೊಳ್ಳುತ್ತದಂತೆ. ಹುಲ್ಲು ಬಂದರೆ ಕೆಂಚಿ ಬರುತ್ತಾಳೆಯೇ ಎಂದೂ ಕೇಳಿದೆ.

"ಬರ್ತಾಳೋ ಇಲ್ವೋ. ಆದ್ರೆ ಮಗ ಮಂಡಿ ಊರಿದ ನೆಲ ಹಾಗೇ ಇದ್ರೆ ಹ್ಯಾಗೆ ಕೂರ್ತಾಳೆ? ಮೊದ್ಲು ಆ ನೆಲ ಹೋಗ್ಲಿ."

ಮೊದಲು ಹಾರೆಯಿಂದ ಚುಚ್ಚಿದರು. ಅದು ಅವರಿಗೆ ಸರಿಬರಲಿಲ್ಲ. ಹಾರೆ ಹೊಕ್ಕ ತೂತಿನ ಗೋಡೆ ಇನ್ನಷ್ಟು ಬಿಗಿದು, ಒಳಗೆ ಮಡಕೆಯಂತೆ ನುಣುಪಾಗಿರುವುದನ್ನು ಬೆರಳು ಹಾಕಿ ನೋಡಿ ನನಗೂ ತೋರಿಸಿದರು. ಮಣ್ಣನ್ನು ಪಕ್ಕಕ್ಕೆ ಒತ್ತಿದರೆ ಸಾಲದು, ಹೊರಗೆ ತೆಗೆಯಬೇಕು. ಮಿಲಿಟರಿ ಆಸ್ಪತ್ರೆಯ ಮಾಲಿಗಳ ಹತ್ತಿರ ಅದಕ್ಕೊಂದು ಸಾಮಾನು ಇತ್ತಂತೆ. ಕಮ್ಮಾರನ ಹತ್ತಿರ ಹೋಗಿ ಒಂದು ತುಂಡು ಕಬ್ಬಿಣದ ಕೊಳವೆ ಕತ್ತರಿಸಿ, ಒಂದು ತುದಿಯನ್ನು ಚೂಪು ಮಾಡಿಸಿ, ಇನ್ನೊಂದಕ್ಕೆ ಅಡ್ಡಹಿಡಿ ಹಾಕಿಸಿಕೊಂಡು ಬಂದರು. ಮಣ್ಣು ಹದವಾಗಿದ್ದಾಗ ಅದನ್ನು ಬಲಗಾಲಿನಿಂದ ಒತ್ತಿ, ತಿರುಗಿಸಿ, ಮೇಲಕ್ಕೆ ಎಳೆಯುವುದು. ಕೊಳವೆಯೊಳಗಿಂದ ಬೆರಳುದ್ದದ ಮಣ್ಣಿನ ಬತ್ತಿ ಹೊರಬರುತ್ತಿತ್ತು. ಅವನ್ನು ಒಣಗಲೆಂದು ಬಾವಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ತೂತಿಗೆ ಹೊಳೆಯ ಮರಳು, ಪುಡಿ ಮಾಡಿದ ಒಣಸಗಣಿ. ಒಂದು ಗೇಣು ಬಿಟ್ಟು ಮುಂದಿನ ತೂತು.

ಸಗಣಿಯನ್ನು ನಮ್ಮಿಂದಲೇ ಕೇಳಿದರು. ಅತ್ತೆ, "ಕೊಡು, ಕೊಡು. ರೋಗಿಗಳು ಇಲ್ವಲ್ಲ ಪಾಪ, ನೆಲಕ್ಕೆ ಇಂಜೆಕ್ಷನ್ ಚುಚ್ತಾವ್ರೆ" ಎಂದರು.

ಅರ್ಧ ಅಂಗಳ ಮುಗಿದಿತ್ತು. ಆ ದಿನಗಳಲ್ಲಿ ನಾಡಬಂದೂಕು ಮಾಡಿಕೊಟ್ಟವರು ಯಾರೆಂದು ಪೊಲೀಸರು ಸುತ್ತಲಿನ ಕಮ್ಮಾರರನ್ನೆಲ್ಲ ವಿಚಾರಿಸುತ್ತಿದ್ದರು. ಈಚೆಗೆ ಕಬ್ಬಿಣದ ಕೊಳವೆ ಯಾರಿಗಾದರೂ ಕತ್ತರಿಸಿ ಕೊಟ್ಟಿದ್ದೀಯಾ ಎಂದು ಕೇಳಿದಾಗ ನಮ್ಮ ಕಮ್ಮಾರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜೀಪು ಬಂತು. ಇನ್‌ಸ್ಪೆಕ್ಟರ್ ಆ ಕೊಳವೆಯನ್ನು ಕಣ್ಣಿಗಿಟ್ಟು ಆಚೆ ನೋಡಿದರು. ಮರಳು ತುಂಬಿದ ತೂತುಗಳನ್ನೂ ಕಟ್ಟೆಯ ಮೇಲಿನ ಮಣ್ಣಿನ ಬತ್ತಿಗಳನ್ನೂ ನೋಡಿದರು. ಏನು ಹೂತಿದ್ದೀಯ ಎಂದು ಕೇಳಿದರು. ಹುಲ್ಲಿಗೆ ಮಾಡಿದ್ದು ಎಂದು ಕಂಪೌಂಡರ್ ಮಲೆಯಾಳದಲ್ಲಿ ಹೇಳಿದರು. ಇನ್‌ಸ್ಪೆಕ್ಟರ್ ಕೂಡ ಭತ್ತ ಬೆಳೆಯುವ ಮನೆಯಿಂದ ಬಂದವರಿರಬೇಕು. ಅಂಗಳವನ್ನು ಬಡಿದು ಗಟ್ಟಿ ಮಾಡುವವರನ್ನು ಕಂಡಿದ್ದರು. ಹುಲ್ಲು ಬರಲೆಂದು ಸಡಿಲ ಮಾಡುವವನನ್ನು ಕಂಡಿರಲಿಲ್ಲ.

ಅವರು ರಸ್ತೆಯೀಚೆಗೆ ಬಂದು ಅತ್ತೆಯನ್ನು ಕೇಳಿದರು. ಈ ಊರಿನಲ್ಲಿ ಯಾರಾದರೂ ಹುಲ್ಲಿಗಾಗಿ ಅಂಗಳಕ್ಕೆ ತೂತು ಕೊರೆಯುತ್ತಾರೆಯೇ? ಅತ್ತೆಯ ಕೈ ಸೆರಗಿನಲ್ಲಿ ಸುತ್ತಿಕೊಂಡಿತ್ತು. ಕಂಪೌಂಡರನ್ನು ಉಳಿಸಬೇಕೆಂದೇ ಅವರು ಹೇಳಿದರು: ಇವರು ಪಟ್ಟಾಳದಲ್ಲಿ, ಅಂದರೆ ಮಿಲಿಟರಿಯಲ್ಲಿ ಇದ್ದವರು, ಪಟ್ಟಾಳದವರ ಬುದ್ಧಿಯೇ ಹಾಗೆ, ನಮ್ಮಂತಲ್ಲ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಪಟ್ಟಾಳದವನಾದರೆ ಬಂದೂಕು ಗೊತ್ತಿರುತ್ತದೆ ಎಂದರು.

ಅಂಗಳವನ್ನು ಪೂರ್ತಿ ಅಗೆಯಲು ಅಪ್ಪಣೆಯಾಯಿತು. ಅಗೆಯುವುದಕ್ಕೆ ಹಾಡಿಯಿಂದ ಗಂಡಸರನ್ನು ತಂದರು. ಅವರಲ್ಲಿ ಬೊಳ್ಳನೂ ಇದ್ದ. ಗುದ್ದಲಿ ಎತ್ತುವಾಗಲೆಲ್ಲ ಅವನು ಹಿಂದೆ ನಿಂತ ಪೊಲೀಸಿನವನ ಕಡೆ ನೋಡುತ್ತಿದ್ದ. ಒಳಗಿನಿಂದ ಏನಾದರೂ ಸಿಕ್ಕಿದರೆ ಅಗೆದವನಿಗೂ ಉಳಿಗಾಲವಿಲ್ಲ ಎಂದು ಅವನಿಗೆ ಅನಿಸಿರಬೇಕು. ಕಂಪೌಂಡರನ್ನು ಕಟ್ಟೆಯ ಪಕ್ಕ ನಿಲ್ಲಿಸಿದ್ದರು.

ಬಿಸಿಲು ನೆತ್ತಿಗೆ ಬಂದಾಗ ಬೇಲಿಯ ಹತ್ತಿರ ಕೆಂಚಿ ಕಾಣಿಸಿದಳು. ಕೋಲು ಊರಿಕೊಂಡು, ಬಲಗಾಲನ್ನು ನೆಲಕ್ಕೆ ತಾಗಿಸದೆ ಕುಂಟುತ್ತಾ ಬಂದಿದ್ದಳು. ಮಗನನ್ನು ಕರೆದೊಯ್ದರೆಂದು ತಿಳಿದು ಹಿಂದೆಯೇ ಹೊರಟವಳು. ಬೇಲಿಯಲ್ಲಿ ನಿಂತಳು. ಈ ಸಲ ಅಲ್ಲೇ ನಿಲ್ಲಲಿಲ್ಲ. ಒಳಗೆ ಬಂದು, ಮಗ ಅಗೆದು ಹಾಕಿದ ಮಣ್ಣಿನ ಮೇಲೆ, ಅವನ ಮುಖ ಕಾಣುವಲ್ಲಿ ಕೂತುಬಿಟ್ಟಳು. ಏಳೆಂದು ಒಬ್ಬ ಪೊಲೀಸಿನವನು ಹತ್ತಿರ ಹೋದವನು ವಾಸನೆಗೆ ಹಿಂದೆ ಸರಿದ.

ಕಂಪೌಂಡರ್ ಅವಳ ಕಾಲನ್ನು ನೋಡಿದರು. ಕಟ್ಟೆ ಬಿಟ್ಟು ಮನೆಯೊಳಗೆ ಹೊರಟರು. ಪೊಲೀಸರು ತಡೆದರು.

"ಸಾರ್, ಒಳಗೆ ಬಿಸಿನೀರಿದೆ, ಔಷಧಿ ತಟ್ಟೆ ಇದೆ. ಒಬ್ಬರನ್ನ ನನ್ನ ಜೊತೆ ಕಳಿಸಿ. ಏನು ತರ್ತೀನಿ ಅಂತ ನೋಡ್ಲಿ."

ಇನ್‌ಸ್ಪೆಕ್ಟರಿಗೆ ಇದನ್ನು ಮಲೆಯಾಳದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಅವರು ಒಬ್ಬನನ್ನು ಕಳಿಸಿದರು. ಕಾಲು ಎಳೆಯುವವರು ತಟ್ಟೆ, ನೀರು ಎರಡನ್ನೂ ತರಲಾಗದೆ ಕಡೆಗೆ ಆ ಪೊಲೀಸಿನವನೇ ನೀರಿನ ಪಾತ್ರೆ ಹಿಡಿದುಕೊಂಡು ಬಂದ. ಕಂಪೌಂಡರ್ ಸಡಿಲ ಮಣ್ಣಿಗೆ ಕೈ ಊರಿ ಇಳಿದರು. ಎಲೆ ಬಿಚ್ಚಿದರು. ಹುಳ ಬಿದ್ದಿತ್ತು. ನಾನು ನಮ್ಮ ಗೇಟಿನಲ್ಲಿದ್ದೆ, ಅಷ್ಟು ದೂರದಿಂದಲೂ ಕಂಡಿತು. ಗುದ್ದಲಿಗಳು ನಿಂತವು. ಅಗೆಯಿರಿ ಎಂದು ಇನ್‌ಸ್ಪೆಕ್ಟರ್ ಗದರಿದರು. ಮತ್ತೆ ಸದ್ದು ಶುರುವಾಯಿತು. ಆ ಸದ್ದಿನ ನಡುವೆ ಕಂಪೌಂಡರ್ ಒಂದೊಂದೇ ಹುಳವನ್ನು ಚಿಮಟದಿಂದ ತೆಗೆದರು. ಕೆಂಚಿ ಕಾಲನ್ನು ಒಮ್ಮೆಯೂ ನೋಡಲಿಲ್ಲ. ಅವಳ ಕಣ್ಣು ಮಗನ ಮೇಲಿತ್ತು.

"ಅವನನ್ನ ಬಿಡ್ತಾರಾ?"

"ಗೊತ್ತಿಲ್ಲ. ಕಾಲು ಅಲ್ಲಾಡಿಸ್ಬೇಡ."

ನೆಲದೊಳಗೆ ಒಂದು ಒಡೆದ ಶೀಷೆಯ ಚೂರು ಬಿಟ್ಟರೆ ಏನೂ ಸಿಗಲಿಲ್ಲ. ಸಂಜೆಗೆ ಬೊಳ್ಳನನ್ನೂ ಉಳಿದವರನ್ನೂ ಬಿಟ್ಟರು. ಕಂಪೌಂಡರನ್ನೂ ಆ ಕೊಳವೆಯನ್ನೂ ಮಾನಂದವಾಡಿಗೆ ಒಯ್ಯುವುದೆಂದಾಯಿತು. ಮಡಚದ ಕಾಲು ಜೀಪಿನೊಳಗೆ ಹಿಡಿಯಲಿಲ್ಲ. ಹಿಂಬದಿಯಲ್ಲಿ, ಕಾಲು ಹೊರಗೆ ಚಾಚಿಕೊಂಡು ಕೂತರು. ಅಲ್ಲಿಂದ ಎಲ್ಲರ ಎದುರಿಗೆ ನನ್ನನ್ನು ಕರೆದರು.

"ಮಗಳೆ, ನಾಡಿದ್ದು ಬರ್ತಾಳೆ. ಕುದಿಸಿ ಆರಿಸಿದ ನೀರು, ಉಪ್ಪು. ದೂರ ನಿಂತು ಸುರೀಬೇಡ, ಹತ್ರ ಕೂತು ತೊಳಿ. ನೀನು ನೋಡಿದ್ದೀಯಲ್ಲ."

ಜೀಪು ಹೊರಟಿತು.

ಅವರು ಹೇಳಿದ ದಿನ ಕೆಂಚಿ ಬಂದಳು. ಬೀಗವಿಲ್ಲದ, ಜನವಿಲ್ಲದ ಆ ಮನೆಯ ಮುಂದೆ ಅಗೆದ ಮಣ್ಣಿನ ಮೇಲೆ ಕೂತಳು. ಯಾರನ್ನೂ ಕೂಗಲಿಲ್ಲ. ನಮ್ಮ ಮನೆಯಲ್ಲಿ ಹಾಡಿಯವರಿಗೆ ಗಂಜಿಯನ್ನು ಹಿತ್ತಿಲಲ್ಲಿ ಎಲೆಯ ಮೇಲೆ ಎತ್ತರದಿಂದ ಬಡಿಸುತ್ತಿದ್ದೆವು. ಮುಟ್ಟುವುದೆಂಬುದು ಇರಲಿಲ್ಲ. ನೀರು ಕುದಿದು ಆರಿತು. ನಾನು ಪಾತ್ರೆ ಹಿಡಿದು ಬಾಗಿಲಿಗೆ ಬಂದೆ, ಒಳಗೆ ಹೋದೆ, ಮತ್ತೆ ಬಂದೆ. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣು ತೆಗೆಯದೆ ಹೇಳಿದರು: "ಹೋಗೋದಾದ್ರೆ ಹೋಗು. ಬಂದು ತಲೆಗೆ ನೀರು ಹಾಕ್ಕೋ."

ನಾನು ರಸ್ತೆ ದಾಟಿದೆ. ಜಗಲಿಯ ಮೇಲಿದ್ದ ಅವರ ತಟ್ಟೆ ತಂದು ಮಣ್ಣಿನ ಮೇಲೆ ಕೂತೆ. ಕಟ್ಟು ಬಿಚ್ಚಲು ಹೋದರೆ ಬೆರಳು ಗಂಟಿಗೆ ಸಿಗುತ್ತಿರಲಿಲ್ಲ.

"ಕೈ ನಡುಗ್ತದೆ ಸಣ್ಣಮ್ಮ" ಎಂದಳು ಕೆಂಚಿ.

"ಹೂಂ."

"ನನ್ನ ಕಾಲೂ ನಡುಗ್ತದೆ. ನಡುಗ್ಲಿ ಬಿಡು, ಬಿಚ್ಚು."

ಕಂಪೌಂಡರ್ ಬರುವ ತನಕ ದಿನ ಬಿಟ್ಟು ದಿನ ಅದು ನನ್ನ ಕೆಲಸವಾಯಿತು. ಉಳಿದ ಹೊತ್ತಿನಲ್ಲಿ ಜೀಪಿನ ಸದ್ದಿಗೆ ಬೆಚ್ಚುವುದು ಹೋಗಲಿಲ್ಲ, ನಿದ್ದೆಯೂ ಬರಲಿಲ್ಲ. ಆ ಸ್ವಲ್ಪ ಹೊತ್ತು ಮಾತ್ರ ಕೈಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು.

ಮಳೆ ಹಿಡಿದ ಮೇಲೆ ಅವರು ಬಸ್ಸಿನಲ್ಲಿ ಬಂದು ಇಳಿದರು. ಮಾನಂದವಾಡಿಯಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಲಗಿವಿ ಕೇಳಿಸುತ್ತಿರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಮಾತಾಡಿಸಿದರೆ ಎಡಗಿವಿಯನ್ನು ನಮ್ಮ ಕಡೆ ತಿರುಗಿಸುತ್ತಿದ್ದರು. ಕೆಂಚಿ ಬಂದಾಗ ಕಟ್ಟು ಬಿಚ್ಚಿ, ಬಗ್ಗಿ, ಮೂಸಿ ನೋಡಿದರು. "ಅಂಚು ಕೆಂಪಾಗಿದೆ. ಬದುಕಿರೋ ಮಾಂಸ" ಎಂದರು. ಆಮೇಲೆ ನನ್ನ ಕಡೆ ನೋಡಿ, ಗಂಟು ತೀರಾ ಬಿಗಿಯಾಗಿದೆ, ಇನ್ನು ಮೇಲೆ ಎರಡು ಬೆರಳು ಆಡುವಷ್ಟು ಸಡಿಲ ಇರಲಿ ಎಂದರು. ಹೊಗಳಿದ್ದೆಂದರೆ ಅಷ್ಟೇ.

ಅಂಗಳದ ಬಗ್ಗೆ ಅವರ ದೂರು ಬೇರೆ ಇತ್ತು. ತೀರಾ ಆಳ ಅಗೆದು ಅಡಿಮಣ್ಣನ್ನು ಮೇಲೆ ತಂದುಬಿಟ್ಟಿದ್ದಾರೆ, ಬೂಟು ಹಾಕಿದವರಿಗೆ ನೆಲದ ಕೆಲಸ ಹೇಳಿಕೊಟ್ಟವರಿಲ್ಲ ಎನ್ನುತ್ತಿದ್ದರು. ಕಡಿದು ಹೋದ ಗರಿಕೆಯ ಗೆಣ್ಣುಗಳು ಅಲ್ಲಲ್ಲಿ ಚಿಗುರಿದವು. ಹಾಡಿಯಿಂದ ಮೊದಲು ಒಬ್ಬಿಬ್ಬರು, ಆಮೇಲೆ ಹೆಚ್ಚು ಜನ ಬಂದರು, ಹಸಿರು ಇದ್ದಲ್ಲಿ ನೋಡಿಕೊಂಡು ಕೂತರು. ನಾನೂ ಹೋಗಿ ಕಂಪೌಂಡರರ ಪಕ್ಕ ಕೂರತೊಡಗಿದೆ. ಕಲಿಸಿದರು ಎಂದು ಹೇಳಲಾರೆ. ತಪ್ಪು ಮಾಡಿದಾಗ ನನ್ನ ಕೈಯಿಂದ ಕತ್ತರಿ ಕಿತ್ತುಕೊಳ್ಳುತ್ತಿದ್ದರು, ಸರಿ ಮಾಡಿದಾಗ ಬೇರೆ ಕಡೆ ನೋಡುತ್ತಿದ್ದರು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅವರು ಮಲಗಿದಲ್ಲಿಂದ ಏಳಲಿಲ್ಲ. ಹೆಗ್ಗಡದೇವನಕೋಟೆಯ ಕಡೆಯ ನೆಂಟರು ಬರಲೆಂದು ಕಾಯುತ್ತಿದ್ದೆವು. ಅಂಗಳದಲ್ಲಿ ಹೆಣ ಮಲಗಿಸಿತ್ತು. ಹಾಡಿಯ ಜನ ಬಂದು ದೂರದಲ್ಲಿ ನಿಂತಿದ್ದರು. ಅವರ ನಡುವಿನಿಂದ ಕೆಂಚಿ ಬಂದಳು, ಕೋಲಿಲ್ಲದೆ, ಎರಡೂ ಕಾಲಿನ ಮೇಲೆ. ಕಂಪೌಂಡರರ ಮುಖವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಆಮೇಲೆ ಹಿಂದೆ ತಿರುಗಿ, ತನ್ನ ಜೊತೆ ಕುಂಟುತ್ತಾ ಬಂದಿದ್ದ ಹೆಂಗಸೊಬ್ಬಳನ್ನು ಕೈ ಹಿಡಿದು ನನ್ನ ಮುಂದೆ ತಂದು ಕೂರಿಸಿದಳು.

"ಇವಳ ಕಾಲಿಗೆ ಬಿದಿರು ಹೊಕ್ಕದೆ. ಅವರನ್ನ ಎತ್ತೋಕೆ ಇನ್ನೂ ಹೊತ್ತು ಅದೆಯಲ್ಲ ಸಣ್ಣಮ್ಮ. ನೋಡು."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನಾನು ರಸ್ತೆ ದಾಟಿ ನಮ್ಮ ಮನೆಗೆ ಹೋಗಿ ನೀರು ಕಾಯಲು ಇಟ್ಟೆ.